ಇಬ್ಬರು ಸಾಕ್ಷಿ ಹೇಳಿದರೆ ಸಾಕಾ?

ಕೊಲೆ ಕೇಸಲ್ಲಿ "ಇವನೇ ಮಾಡಿದ್ದು" ಅಂತ ಎಲ್ಲರೂ ಹೇಳುವಾಗ ವಿಶ್ವಾಸಿ ಸಂಶಯಪಡಬಹುದಾ? ಪಡಬೇಕು ಅಂತ ನಾನು ಹೇಳ್ತೇನೆ.

ಕೊಡಗಿನ ಕೇಸ್ ನೋಡಿ. ಕುಶಾಲನಗರದ ಕಡೆಯ ಬುಡಕಟ್ಟಿನ ಒಬ್ಬ ಕೂಲಿ ಕಾರ್ಮಿಕನ ಹೆಂಡತಿ 2020ರಲ್ಲಿ ಕಾಣೆಯಾದಳು. ಬೆಟ್ಟದಪುರ ಠಾಣೆ ವ್ಯಾಪ್ತಿಯಲ್ಲಿ ಸಿಕ್ಕ ಅಸ್ಥಿಪಂಜರ ಅವಳದೇ ಅಂತ ಪೊಲೀಸರು ಚಾರ್ಜ್‌ಶೀಟ್ ಹಾಕಿದರು. ಡಿಎನ್‌ಎ ಹೊಂದಲಿಲ್ಲ. ಆದರೂ ಅವನು ಸುಮಾರು ಒಂದೂವರೆ ವರ್ಷ ಜೈಲಲ್ಲಿದ್ದ. 2025ರ ಏಪ್ರಿಲ್ 1ರಂದು ಮಡಿಕೇರಿಯ ಹೋಟೆಲಲ್ಲಿ ಅವಳು ಜೀವಂತವಾಗಿ ಕಂಡಳು! ಅದೇ ತಿಂಗಳು ಮೈಸೂರಿನ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿತು. ಅವಳು ಯಾರ ಕಣ್ಣಿಗೂ ಬೀಳದೆ ಹೋಗಿದ್ದರೆ?

ಧರ್ಮೋಪದೇಶಕಾಂಡ 17:6-7 ತೆಗೆಯಿರಿ. ಒಬ್ಬನೇ ಸಾಕ್ಷಿಯ ಮಾತಿನ ಮೇಲೆ ಮರಣದಂಡನೆ ಕೂಡದು. ಸಾಕ್ಷಿ ಹೇಳಿದವನೇ ಮೊದಲು ಕೈ ಎತ್ತಬೇಕು. ತನ್ನ ಮಾತಿನ ಭಾರ ಅವನಿಗೆ ಗೊತ್ತಾಗಬೇಕು. ಆದರೆ ನಾಬೋತನ ವಿರುದ್ಧವೂ ಇಬ್ಬರು ಸಾಕ್ಷಿಗಳಿದ್ದರು, ಇಬ್ಬರೂ ಸುಳ್ಳರು! ಅದಕ್ಕೇ 19:18ರಲ್ಲಿ ನ್ಯಾಯಾಧಿಪತಿಗಳು ಚೆನ್ನಾಗಿ ವಿಚಾರಿಸಬೇಕು ಅಂತ ಇದೆ. ನಮ್ಮ ನಂದಿದುರ್ಗ ಗಣಿಯಲ್ಲಿ ಹೊಳೆದ ಕಲ್ಲೆಲ್ಲ ಚಿನ್ನ ಆಗಿತ್ತಾ? ಪುಡಿ ಮಾಡಿ ಪರೀಕ್ಷೆ ಮಾಡಬೇಕಿತ್ತು.

ಸಂಶಯ ಅಂದ್ರೆ ಕೊಂದವನ ಪರ ನಿಲ್ಲೋದಲ್ಲ. ಆ ಎಲುಬುಗಳು ಯಾರವು? ಹೇಬೆಲನ ರಕ್ತದ ಕೂಗು ಕೇಳಿದ ದೇವರು ಆ ಕೂಗನ್ನೂ ಕೇಳ್ತಾನೆ. ತಪ್ಪು ಮನುಷ್ಯನನ್ನು ಹಿಡಿದರೆ ಅನ್ಯಾಯ ಇಬ್ಬರಿಗೆ: ಜೈಲಲ್ಲಿರೋನಿಗೆ, ಸತ್ತವರಿಗೆ.

ಈ ವಾರ ವಾಟ್ಸಾಪ್‌ನಲ್ಲಿ ಯಾರನ್ನಾದರೂ "ಕೊಲೆಗಾರ" ಅಂತ ಫಾರ್ವರ್ಡ್ ಮಾಡೋ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಮೊದಲ ಕಲ್ಲು ನನ್ನ ಕೈಯಿಂದ ಬೀಳಬೇಕಾ? ಆಮೆನ್.