ಕೋಳಿಯ ಹಿಂದಿನ ನರಿ

ತಿಪಟೂರು ಕಡೆಯ ನಮ್ಮೂರಿನ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಪುಟ್ಟ ಮಕ್ಕಳಿಗೆ ಕಥೆ ಓದಿ ಹೇಳುತ್ತೇನೆ. ಬರುವವರು ಅಂಗನವಾಡಿಯವರು, ಒಂದನೇ ಎರಡನೇ ತರಗತಿಯವರು. ಶಾಲೆಯಿಂದ ನಿವೃತ್ತಳಾಗಿ ಈ ಕೆಲಸ ಹಿಡಿದಾಗ, ಇವರಿಗೆ ಎಂಥ ಪುಸ್ತಕ ಬೇಕೆಂದು ನನಗೆ ಗೊತ್ತೇ ಇದೆ ಎಂದುಕೊಂಡಿದ್ದೆ. ಮೊದಲ ಸಲ ಪುಸ್ತಕ ಮೇಳದಿಂದ ತಂದ ಕಟ್ಟಿನಲ್ಲಿ ಎಲ್ಲವೂ ಇತ್ತು: ಮಿರಮಿರ ಮಿಂಚುವ ರಕ್ಷಾಪುಟ, ಪುಟದ ತುಂಬ ಬಣ್ಣ, ಕೊನೆಗೆ ಚೌಕದೊಳಗೊಂದು ನೀತಿ. ಓದತೊಡಗಿದೆ. ಮೂರನೇ ಪುಟಕ್ಕೆ ಒಬ್ಬ ಕಿಟಕಿಗೆ ಹೋದ, ಐದನೆಯದಕ್ಕೆ ಇಬ್ಬರು ನೀರು ಕುಡಿಯಲು ಎದ್ದರು. ಈಗಿನ ಮಕ್ಕಳಿಗೆ ಕೂತು ಕೇಳುವ ತಾಳ್ಮೆಯಿಲ್ಲ ಎಂದು ಬೇಸರಪಟ್ಟೆ.

ರಜೆಗೆ ಬಂದ ತಂಗಿಯ ಮಗಳು ಒಂದು ಇಂಗ್ಲಿಷ್ ಪುಸ್ತಕ ತಂದಿದ್ದಳು. ಪ್ಯಾಟ್ ಹಚಿನ್ಸ್ ಬರೆದು ಚಿತ್ರಿಸಿದ ‘ರೋಸೀಸ್ ವಾಕ್’, 1968ರದು. ಒಂದು ಕೋಳಿ ಅಂಗಳ ದಾಟಿ, ಕೊಳ ಸುತ್ತಿ, ಹುಲ್ಲಿನ ಬಣವೆ ಹತ್ತಿಳಿದು ಊಟದ ಹೊತ್ತಿಗೆ ಗೂಡಿಗೆ ಮರಳುತ್ತದೆ. ಇಡೀ ಪುಸ್ತಕಕ್ಕೆ ಒಂದೇ ವಾಕ್ಯ. ಇದರಲ್ಲೇನಿದೆ ಎಂದುಕೊಂಡೇ ಕನ್ನಡದಲ್ಲಿ ಹೇಳತೊಡಗಿದೆ. ಎರಡು ಪುಟ ಆಗುವಷ್ಟರಲ್ಲಿ ಗದ್ದಲ.

“ಮಿಸ್, ಹಿಂದ್ಗಡೆ ನರಿ ಐತೆ!”

ಮಾತಿನಲ್ಲಿ ನರಿಯ ಸುದ್ದಿಯೇ ಇಲ್ಲ. ಚಿತ್ರದಲ್ಲಿ ಮಾತ್ರ ಅದು ಕೋಳಿಯ ಬೆನ್ನು ಹತ್ತಿದೆ. ಇನ್ನೇನು ಹಿಡಿಯಿತು ಅನ್ನುವಾಗ ಪುಟ ತಿರುವಿದರೆ ನೀರಿಗೆ ಬಿದ್ದಿದೆ, ಮತ್ತೆ ಹುಲ್ಲಿನಲ್ಲಿ ಹೂತಿದೆ, ಮತ್ತೆ ಹಿಟ್ಟಿನಲ್ಲಿ ಮುಳುಗಿದೆ. ಓದುವ ಆತುರದಲ್ಲಿದ್ದ ನನಗೆ ಕಾಣದ್ದು ಅಕ್ಷರ ಬಾರದ ಅವರಿಗೆ ಕಂಡಿತ್ತು. ನಾಲ್ಕು ವರ್ಷದ ಒಬ್ಬಳಿಗಂತೂ ತಡೆಯಲಾಗಲಿಲ್ಲ. “ಕೋಳಿಗೆ ಯೋಳಿ ಮಿಸ್” ಎಂದಳು. ನಾನು ಸುಮ್ಮನಿದ್ದುದು ನೋಡಿ, ಪುಟಕ್ಕೆ ಬಾಯಿ ಹಚ್ಚಿ ತಾನೇ ಹೇಳಿದಳು.

ಆ ರಾತ್ರಿ ನನ್ನ ಕಟ್ಟನ್ನು ಮತ್ತೆ ಬಿಚ್ಚಿದೆ. ಅಕ್ಷರದ ಮೇಲೆ ಅಂಗೈ ಇಟ್ಟು ಬರೀ ಚಿತ್ರ ನೋಡಿದೆ. ಆನೆ ಮರದ ಕೆಳಗೆ ನಿಂತಿದೆ ಎಂದು ಬರೆದಿದ್ದರೆ, ಚಿತ್ರದಲ್ಲೂ ಆನೆ ಮರದ ಕೆಳಗೆ ನಿಂತಿತ್ತು, ಅಷ್ಟೇ. ಮಗು ಹುಡುಕಿ ತೆಗೆಯಲು ಏನೂ ಉಳಿದಿರಲಿಲ್ಲ. ಇನ್ನೊಂದರಲ್ಲಿ ಕಥೆಯೊಳಗೆ ಮೂರು ಮರಿ, ಚಿತ್ರದಲ್ಲಿ ಎರಡೇ. ಅದನ್ನು ಓದಿದ ದಿನ ಮಕ್ಕಳು ಕಥೆ ಬಿಟ್ಟು ಕಾಣೆಯಾದ ಮರಿಗಾಗಿಯೇ ಜಗಳವಾಡಿದ್ದು ಆಗ ನೆನಪಾಯಿತು. ಅವರಿಗೆ ತಾಳ್ಮೆ ಇತ್ತು. ನಾನು ತಂದ ಪುಸ್ತಕಗಳಲ್ಲಿ ಅವರಿಗೆ ಮಾಡಲು ಕೆಲಸವಿರಲಿಲ್ಲ.

ಅಂಗೈಯಿಂದ ಅಕ್ಷರ ಮುಚ್ಚಿ ನೋಡಿದ ಮೇಲೆ, ಗಟ್ಟಿಯಾಗಿ ಓದುವುದು ಎರಡನೇ ಪರೀಕ್ಷೆ. ‘ಪ್ರಾಣಿಗಳೆಲ್ಲ ಆಶ್ಚರ್ಯಚಕಿತವಾದವು’ ಎಂಬಲ್ಲಿ ನನ್ನ ನಾಲಿಗೆಯೇ ತೊಡರುತ್ತದೆ. ‘ದಬಕ್ಕನೆ ಬಿತ್ತು’, ‘ಗಬಗಬ ತಿಂದಿತು’ ಎಂದರೆ ಮಕ್ಕಳು ಎರಡನೇ ಸಲಕ್ಕೆ ನನ್ನ ಜೊತೆ ದನಿ ಸೇರಿಸುತ್ತಾರೆ. ಇಂಥ ಮಾತಿನ ಸಂಪತ್ತು ಕನ್ನಡದಲ್ಲಿ ಬೇಕಾದಷ್ಟಿದೆ. ಅನುವಾದವಾದರೆ ಇನ್ನೂ ಎಚ್ಚರ ಬೇಕು: ಓದಿದಾಗ ಅಜ್ಜಿ ಹೇಳಿದಂತೆ ಕೇಳಬೇಕು, ಸುತ್ತೋಲೆ ಓದಿದಂತಿರಬಾರದು. ಹೊಸ ಪದ ಬಂದರೆ ತೊಂದರೆಯಿಲ್ಲ, ಚಿತ್ರ ಅದರ ಕೈ ಹಿಡಿದಿದ್ದರೆ ಸಾಕು.

ಅಚ್ಚಿನ ವಿಷಯದಲ್ಲಿ ಕನ್ನಡಕ್ಕೆ ಅದರದೇ ಕಷ್ಟವಿದೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಸಾಲುಗಳನ್ನು ಒತ್ತೊತ್ತಾಗಿ ಜೋಡಿಸಿದರೆ ಮೇಲಿನ ಒತ್ತು ಕೆಳಗಿನ ತಲೆಕಟ್ಟಿಗೆ ತಾಗಿ, ಆಗಷ್ಟೇ ಅಕ್ಷರ ಕೂಡಿಸುವ ಮಗುವಿಗೆ ಎಲ್ಲ ಕಲಸಿಹೋಗುತ್ತದೆ. ಗಾಢ ಬಣ್ಣದ ಚಿತ್ರದ ಮೇಲೆ ಕಪ್ಪಕ್ಷರ ಮುದ್ರಿಸಿದ್ದರೆ ನಾನು ಕೊಳ್ಳುವುದೇ ಇಲ್ಲ.

ಪುಸ್ತಕದ ಮೇಲಿನ ಹಂತದ ಗುರುತನ್ನೂ ತಪ್ಪು ತಿಳಿದಿದ್ದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಪ್ರತಿಯೊಂದಕ್ಕೂ ಓದಿನ ಹಂತ ಹಾಕಿರುತ್ತಾರೆ. ಪುಟ್ಟವರಿಗೆ ಒಂದನೇ ಹಂತ ಮಾತ್ರ ಎಂದು ಗೆರೆ ಎಳೆದುಕೊಂಡಿದ್ದೆ. ಆದರೆ ಆ ಹಂತ ತಾನೇ ಓದುವ ಮಗುವಿಗೆ. ನಾವು ಓದಿ ಹೇಳುವಾಗ ಕಿವಿ ಓದಿಗಿಂತ ಬಹಳ ಮುಂದಿರುತ್ತದೆ.

ಎಲ್ಲಕ್ಕಿಂತ ಕಹಿಯಾಗಿ ಕಲಿತದ್ದು ಇನ್ನೊಂದು. ಒಂದು ಪುಸ್ತಕದಲ್ಲಿ ರಾಜಕುಮಾರಿ ಹಾಲುಬಿಳುಪು, ಕಳ್ಳ ಕಡುಗಪ್ಪು. ಒಬ್ಬ ಹುಡುಗ ತನ್ನ ತೋಳನ್ನು ಕಳ್ಳನ ಚಿತ್ರದ ಪಕ್ಕ ಇಟ್ಟು ನೋಡಿಕೊಂಡ. ಏನೂ ಹೇಳಲಿಲ್ಲ. ಕಥೆ ಚೆನ್ನಾಗಿಯೇ ಇತ್ತು, ನೀತಿಯೂ ಇತ್ತು. ಆದರೂ ಆ ಪುಸ್ತಕವನ್ನು ಅಂದೇ ಕಪಾಟಿನಿಂದ ತೆಗೆದೆ. ಅಂದಿನಿಂದ ಚಿತ್ರದೊಳಗಿನ ಮನೆ ಯಾರದು, ಒಲೆಯ ಮುಂದೆ ಸದಾ ಯಾರು, ಕುರ್ಚಿಯಲ್ಲಿ ಯಾರು, ಮೈಬಣ್ಣ ಯಾರಿಗೆ ಎಂಥದ್ದು ಎಂದು ನೋಡದೆ ಒಂದನ್ನೂ ಆರಿಸಿಲ್ಲ. ತೆಂಗಿನ ತೋಟದ ಮಕ್ಕಳಿಗೆ ಹಿಮದ ಊರಿನ ಕಥೆಯೂ ಬೇಕು. ಆದರೆ ತಮ್ಮ ಮನೆಯಂಥ ಮನೆ ಯಾವ ಪುಸ್ತಕದಲ್ಲೂ ಸಿಗದೆ ಅವರು ಬೆಳೆಯಬಾರದು.

ನೀತಿಯ ಚೌಕವನ್ನು ಈಗ ಓದುವುದಿಲ್ಲ. ಕಥೆ ಮುಗಿದೊಡನೆ ಪುಸ್ತಕ ಮುಚ್ಚುತ್ತೇನೆ. ಒಳ್ಳೆಯದಾದರೆ ಯಾರಾದರೊಬ್ಬರು “ಇನ್ನೊಂದ್ಸಲ” ಎನ್ನುತ್ತಾರೆ. ಇಲ್ಲದಿದ್ದರೆ ಚಪ್ಪಲಿ ಹುಡುಕುತ್ತಾರೆ.

ಪುಸ್ತಕದಂಗಡಿಯಲ್ಲಿ ನಿಂತಾಗ ಮಕ್ಕಳು ಪಕ್ಕದಲ್ಲಿರುವುದಿಲ್ಲ. ಅಲ್ಲಿ ಒಂದೊಂದೇ ಪುಟ ತಿರುವುತ್ತ ನನ್ನನ್ನೇ ಕೇಳಿಕೊಳ್ಳುತ್ತೇನೆ: ಇಲ್ಲಿ ಯಾವ ಪುಟಕ್ಕೆ ಆ ಹುಡುಗಿ ಬಾಯಿ ಹಚ್ಚಿಯಾಳು? ಅಂಥ ಒಂದು ಪುಟ ಸಿಕ್ಕಿದರೆ ಮಾತ್ರ ಚೀಲಕ್ಕೆ ಹಾಕಿಕೊಳ್ಳುತ್ತೇನೆ.