ಕಾಫಿಯ ರುಚಿಯೂ ನೆಲದ ಗುಣವೂ

ಪ್ರತಿನಿತ್ಯವೂ ಕಾಫಿಯನ್ನು ಸೇವಿಸುವ ನಾವು ಅದರ ರುಚಿಯು ಎಲ್ಲಿಂದ ಬಂದಿತೆಂದು ವಿಚಾರಿಸುವುದು ವಿರಳ. ನಮ್ಮ ದೇಶದಲ್ಲಿ ಬೆಳೆಯುವ ಕಾಫಿಯಲ್ಲಿ ಮುಖ್ಯವಾದ ಜಾತಿಗಳು ಎರಡು: ಅರೇಬಿಕಾ ಮತ್ತು ರೋಬಸ್ಟಾ.

ಅರೇಬಿಕಾ ಗಿಡವು ಸುಮಾರು 1000 ಮೀಟರಿಗೂ ಮೇಲ್ಪಟ್ಟ ತಂಪುನೆಲವನ್ನು ಬಯಸುತ್ತದೆ. ಅಲ್ಲಿ ಹಣ್ಣು ನಿಧಾನವಾಗಿ ಮಾಗುವುದರಿಂದ ಬೀಜದಲ್ಲಿ ಪರಿಮಳವೂ ನವಿರಾದ ಹುಳಿಯೂ ನೆಲೆಗೊಳ್ಳುತ್ತವೆ. ಬಾಬಾಬುಡನ್‌ಗಿರಿಯ ಕಾಫಿಯ ಗುಣವಿದು. ವಯನಾಡಿನ ತೋಟಗಳು ಬಹುಮಟ್ಟಿಗೆ ಅದಕ್ಕಿಂತ ತಗ್ಗಿನಲ್ಲಿರುವುದರಿಂದ ಅಲ್ಲಿ ರೋಬಸ್ಟಾವೇ ಹೆಚ್ಚು. ಅದರಲ್ಲಿ ಕೆಫೀನಿನ ಅಂಶವು ಅರೇಬಿಕಾದ ಹೆಚ್ಚುಕಡಿಮೆ ಇಮ್ಮಡಿ. ಕಹಿಯೂ ಅಧಿಕ, ಡಿಕಾಕ್ಷನ್ನೂ ಗಟ್ಟಿ.

ಕಹಿಯೆಂಬ ಕಾರಣಕ್ಕೆ ರೋಬಸ್ಟಾವನ್ನು ಹೀನವೆಂದು ಎಣಿಸುವವರುಂಟು. ಆದರೆ ಹಾಲು ಬೆರೆತ ಮೇಲೂ ಕಾಫಿಯ ರುಚಿ ಅಳಿಯದಿರುವುದು ಆ ಗಟ್ಟಿತನದಿಂದಲೇ. 2019ರಲ್ಲಿ ಬಾಬಾಬುಡನ್‌ಗಿರಿಯ ಅರೇಬಿಕಾದೊಂದಿಗೆ ವಯನಾಡಿನ ರೋಬಸ್ಟಾಕ್ಕೂ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆಯಿತು.

ನೆಲದಂತೆ ಗಾಳಿಯೂ ರುಚಿಯನ್ನು ತಿದ್ದುವುದುಂಟು. ಪಶ್ಚಿಮ ಕರಾವಳಿಯ ಗೋದಾಮುಗಳಲ್ಲಿ ಮಳೆಗಾಲದ ತೇವದ ಗಾಳಿಗೆ ಹರವಿದ ಬೀಜವು ಉಬ್ಬಿ, ಬಣ್ಣ ಬಿಳಿಚಿ, ಹುಳಿಯನ್ನು ಕಳೆದುಕೊಳ್ಳುತ್ತದೆ. ಮಾನ್ಸೂನ್ಡ್ ಮಲಬಾರ್ ಎಂದು ಹೆಸರಾದ ಕಾಫಿ ಇದೇ.

ಚಿಕೋರಿ ಬೆರೆಸದ ಎರಡು ಜಾತಿಯ ಪುಡಿಗಳಿಂದ ಪ್ರತ್ಯೇಕವಾಗಿ ಡಿಕಾಕ್ಷನ್ ಇಳಿಸಿ, ಹಾಲು ಸಕ್ಕರೆಗಳಿಲ್ಲದೆ ಒಂದೊಂದು ಗುಟುಕು ಸವಿದು ನೋಡೋಣ. ಭೇದವು ತಾನಾಗಿ ತಿಳಿಯುವುದು. ಆದರೆ ಒಂದು ಮಾತು ಎಲ್ಲ ಬೆಟ್ಟಗಳಿಗೂ ಸಮಾನ: ಕೆಂಪಾಗಿ ಮಾಗಿದ ಹಣ್ಣನ್ನೇ ಆರಿಸಿ ಕೊಯ್ಯುವ ಕೈಗಳಿಲ್ಲದಿದ್ದರೆ ಎತ್ತರವೂ ಮಣ್ಣೂ ವ್ಯರ್ಥ. ಗುಟುಕರಿಸುವಾಗ ಆ ಕೈಗಳನ್ನೂ ನಾವು ನೆನೆಯಬೇಕು.