ಅನಶನವೋ, ವ್ಯಾಧಿಯೋ? ಉಪವಾಸಿಯ ದೇಹಪರೀಕ್ಷೆ

ಬಾಹ್ಯತಪಸ್ಸು ಆರು ವಿಧವೆಂದು ತತ್ತ್ವಾರ್ಥಸೂತ್ರವು ಹೇಳುತ್ತದೆ. ಅನಶನ, ಅವಮೌದರ್ಯ, ರಸಪರಿತ್ಯಾಗಗಳು ಶ್ರಾವಕರಿಗೆ ಚಿರಪರಿಚಿತ. ಆದರೆ ಅದೇ ಗ್ರಂಥವು ಷೋಡಶಭಾವನೆಗಳನ್ನು ಹೇಳುವಲ್ಲಿ ತಪಸ್ಸಿಗೆ ‘ಶಕ್ತಿತಃ’ ಎಂಬ ಕಟ್ಟನ್ನು ಹಾಕಿರುವುದನ್ನು ಗಮನಿಸುವವರು ವಿರಳ. ಶಕ್ತಿಯನ್ನು ಅಳೆಯದೆ ಹಿಡಿದ ಉಪವಾಸವು ಆ ಭಾವನೆಗೆ ಸೇರದು.

ವೈದ್ಯರು ಅನೊರೆಕ್ಸಿಯಾ ಎನ್ನುವ ವ್ಯಾಧಿಯೊಂದುಂಟು. ದೇಹ ದಪ್ಪವಾದೀತೆಂಬ ಭೀತಿಯಿಂದ ರೋಗಿಯು ಆಹಾರವನ್ನು ತೊರೆಯುವುದು ಅದರ ಲಕ್ಷಣ. ಹನ್ನೆರಡನೆಯ ಶತಮಾನದ ಬಸದಿಯುಳ್ಳ ಗುಬ್ಬಿ ತಾಲ್ಲೂಕಿನ ನಿಟ್ಟೂರಿನಂತಹ ಊರಿನಲ್ಲಿ ಹರೆಯದ ಹುಡುಗಿಯೊಬ್ಬಳು ಅಷ್ಟಮಿ, ಚತುರ್ದಶಿಗಳ ಹೊರತಾಗಿಯೂ ಊಟ ಬಿಟ್ಟರೆ ಮನೆಯವರು ಹಿಗ್ಗುವರೇ ಹೊರತು ನಾಡಿ ಹಿಡಿದು ನೋಡಲಾರರು. ಗುರುತು ಪಾರಣೆಯಲ್ಲಿದೆ. ವ್ರತಿಯು ಪಾರಣೆಯನ್ನು ಸಂತೋಷದಿಂದ ಮಾಡುತ್ತಾನೆ. ರೋಗಿಯು ಅದನ್ನು ಮುಂದೂಡುತ್ತಾಳೆ, ಉಂಡದ್ದನ್ನು ಗುಟ್ಟಾಗಿ ವಾಂತಿ ಮಾಡುತ್ತಾಳೆ. ಈ ಮರೆಮಾಚುವಿಕೆಯು ಮಾಯಾಶಲ್ಯವಲ್ಲವೇ ಎಂದು ಗದರಿಸಬಾರದು. ಇದು ರೋಗದ ಕೆಲಸ.

ಪರೀಕ್ಷೆಗೆ ತೂಕವೊಂದೇ ಸಾಲದು. ತೂಕ ಸಾಮಾನ್ಯವಾಗಿದ್ದರೂ ವೇಗವಾಗಿ ಇಳಿದಿದ್ದರೆ ಅಪಾಯವಿದೆ. ಎಚ್ಚರದಲ್ಲಿರುವಾಗ ನಾಡಿಯು ನಿಮಿಷಕ್ಕೆ 40ಕ್ಕಿಂತ ಕೆಳಗಿಳಿದರೆ, ದೇಹದ ಉಷ್ಣತೆಯು 35.5 ಸೆಲ್ಸಿಯಸ್‌ಗಿಂತ ಕಡಮೆಯಾದರೆ, ಎದ್ದು ನಿಂತೊಡನೆ ತಲೆ ಸುತ್ತಿ ಬಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮನೆಯಲ್ಲಿಯೇ ನೋಡಬಹುದಾದದ್ದು ಇನ್ನೊಂದಿದೆ: ಕುಕ್ಕರುಗಾಲಿನಲ್ಲಿ ಕುಳಿತವರು ಕೈ ಊರದೆ ಏಳಲಾರದಿದ್ದರೆ ಸ್ನಾಯುಗಳು ಕರಗಿವೆಯೆಂದು ತಿಳಿಯಬೇಕು. ಮುಟ್ಟು ನಿಲ್ಲುವುದು, ಸದಾ ಚಳಿ, ಮೈಮೇಲೆ ನವಿರು ಕೂದಲು, ಪಾದದ ಊತ ಇವೂ ಸೂಚನೆಗಳೇ. ವಾಂತಿಯಿಂದ ರಕ್ತದ ಪೊಟ್ಯಾಸಿಯಂ ಕುಸಿದು ಹೃದಯದ ಬಡಿತ ತಪ್ಪುತ್ತದೆ. ಆದ್ದರಿಂದ ರಕ್ತಪರೀಕ್ಷೆಯೊಡನೆ ಇ.ಸಿ.ಜಿ. ಅವಶ್ಯ. ರಕ್ತಪರೀಕ್ಷೆ ಸರಿಯಾಗಿ ಬಂದಿತೆಂದು ನಿಶ್ಚಿಂತರಾಗಲೂ ಆಗದು. ಹಸಿದ ದೇಹವು ಬಹುಕಾಲ ರಕ್ತದ ಲೆಕ್ಕವನ್ನು ಸರಿದೂಗಿಸಿಕೊಂಡೇ ಇರುತ್ತದೆ.

ಇನ್ನು ಪಾರಣೆ. ದೀರ್ಘ ಉಪವಾಸದ ನಂತರ ಪಾಯಸ, ಹೋಳಿಗೆಗಳನ್ನು ಒತ್ತಾಯದಿಂದ ಬಡಿಸುವ ಉತ್ಸಾಹವು ಪ್ರಾಣಕ್ಕೆ ಎರವಾಗಬಹುದು. ಸಕ್ಕರೆ, ಅನ್ನ ಹೊಟ್ಟೆಗೆ ಬಿದ್ದೊಡನೆ ಇನ್ಸುಲಿನ್ ಏರಿ, ರಕ್ತದಲ್ಲಿ ಉಳಿದಿದ್ದ ಅಲ್ಪಸ್ವಲ್ಪ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂಗಳು ಜೀವಕೋಶಗಳೊಳಗೆ ಸೇರಿಹೋಗುತ್ತವೆ, ಹೃದಯ ಸೋಲುತ್ತದೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಬಿಡುಗಡೆ ಹೊಂದಿದ ಹಸಿದ ಸೆರೆಯಾಳುಗಳು ಉಂಡ ಮೇಲೆ ಸತ್ತದ್ದರಿಂದ ವೈದ್ಯರು ಇದನ್ನು ಅರಿತರು. 2016ರಲ್ಲಿ ಹೈದರಾಬಾದಿನ 13 ವರ್ಷದ ಬಾಲಕಿಯೊಬ್ಬಳು 68 ದಿನಗಳ ಉಪವಾಸ ಮುಗಿಸಿದ ಕೆಲವೇ ದಿನಗಳಲ್ಲಿ ತೀರಿಕೊಂಡಳು. ಸಮಾಜವು ಆ ಸುದ್ದಿಯನ್ನು ಬೇಗನೆ ಮರೆಯಿತು. ಸಲ್ಲೇಖನವನ್ನು ಇಲ್ಲಿಗೆ ಎಳೆತರುವವರಿದ್ದಾರೆ. ಸಮಂತಭದ್ರರು ಅದನ್ನು ಪ್ರತೀಕಾರವಿಲ್ಲದ ಉಪಸರ್ಗ, ಕ್ಷಾಮ, ಮುಪ್ಪು, ರೋಗಗಳಿಗೆ ಹೇಳಿದ್ದಾರೆ, ಬಾಲಕಿಯ ಹಸಿವಿಗಲ್ಲ.

ಹತ್ತು ದಿನಗಳಿಗಿಂತ ಹೆಚ್ಚು ಏನನ್ನೂ ಉಣ್ಣದವರ ಪಾರಣೆಯು ವೈದ್ಯರ ಕಣ್ಣೆದುರಿನಲ್ಲಿ, ಥಯಾಮಿನ್ ಕೊಟ್ಟು, ಸ್ವಲ್ಪಸ್ವಲ್ಪವೇ ಆಹಾರ ಏರಿಸುತ್ತ ನಡೆಯಬೇಕು. ಮನಸ್ಸಿನ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಿದೆ. ನಿಟ್ಟೂರಿನವರಿಗೆ ಅದು ದೂರವೇನಲ್ಲ.